ಕೈಗಡ

ಮೇನ್ ಆಫ್ ಮಾಡಿದ ಕೂಡಲೇ
ಮನೆ ತನ್ನ ಸಣ್ಣ ಗುನುಗು ನಿಲ್ಲಿಸಿತು.
ಇಷ್ಟು ಹೊತ್ತೂ ಗುನುಗುತ್ತಿತ್ತೆಂದು
ಗೊತ್ತಾದದ್ದೇ ಆಗ.

ಹಲ್ ಬಂದರಿನ ಹಿಂಬದಿಯ ಬೀದಿ,
ಭುಜಕ್ಕೆ ಭುಜ ತಾಗಿದ ಇಟ್ಟಿಗೆ ಮನೆಗಳು.
ಮೆಟ್ಟಿಲ ಕೆಳಗಿನ ಗೂಡಿನಲ್ಲಿ
ಹಣೆಗೆ ಟಾರ್ಚು ಕಟ್ಟಿ ಮಂಡಿಯೂರಿದ್ದೇನೆ;
ಬೆನ್ನ ಹಿಂದೆ ಕ್ಲಿಫರ್ಡ್ ಗಾರ್ಬಟ್,
ಮೂವತ್ತು ವರ್ಷ ಬಸ್ಸು ಓಡಿಸಿದವರು,
ಈಗ ನನ್ನನ್ನು ಓಡಿಸುತ್ತಿದ್ದಾರೆ:
"ನಿಧಾನ ಕಣಮ್ಮ, ಎಡಗಡೆ ಸ್ಕ್ರೂ ಸವೆದಿದೆ."

ಮರದ ಹಲಗೆಯ ಮೇಲೆ ಕಂದು ಡಬ್ಬಿ.
ಒಳಗೆ ಐದು ಹಲ್ಲು,
ಒಂದೊಂದಕ್ಕೂ ಬಣ್ಣದ ಬೊಟ್ಟು:
ಬಿಳಿ ದೀಪಕ್ಕೆ, ನೀಲಿ ಬಿಸಿನೀರಿಗೆ, ಕೆಂಪು ಒಲೆಗೆ.
ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನ ದುಂಡು ಅಕ್ಷರ,
ಒಲೆ, ಕೆಳಗೆ, ಮೇಲೆ,
ಮತ್ತೆ, ಎರಡು ಸಲ ಗೆರೆ ಎಳೆದು: ಇದು ಮುಟ್ಟಬೇಡ.

ಮುಟ್ಟಬೇಡವೆಂದದ್ದನ್ನೇ ಕಿತ್ತೆ.
ಕೂದಲೆಳೆ ತಂತಿ ಇರಬೇಕಾದಲ್ಲಿ
ನೆಟ್ಟಗೆ ಮಲಗಿತ್ತು ಒಂದು ಹೇರ್‌ಪಿನ್ನು.

"ಭಾನುವಾರ. ಅಂಗಡಿ ಇರಲಿಲ್ಲ."
ಯಾವ ಭಾನುವಾರ?
ಸ್ವಲ್ಪ ಯೋಚಿಸಿ, "ಎಂಬತ್ತಾರರದು."
ಹೀಟರಿಲ್ಲದ ಅಡುಗೆಮನೆಯಲ್ಲಿ
ಕೋಟು ಹೊದ್ದೇ ಪದಬಂಧ ತುಂಬುತ್ತಿದ್ದ ನೊರೀನ್ ಕೂಗಿದರು:
"ನನ್ನ ಪಿನ್ನು! ಎಲ್ಲೆಲ್ಲಿ ಹುಡುಕಿದ್ದೆ."

ಕರಗುವುದೇ ಫ್ಯೂಸಿನ ಕಸುಬು.
ತಾನು ಹೋಗಿ ಮನೆ ಉಳಿಸುವುದು,
ಅದೊಂದೇ ಅದಕ್ಕೆ ಬರುವ ವಿದ್ಯೆ.
ಈ ಪಿನ್ನಿಗೆ ಯಾರೂ ಅದನ್ನು ಕಲಿಸಿರಲಿಲ್ಲ;
ತಂತಿಯ ಸಿಪ್ಪೆ ಗೇಣುದ್ದ ಬೆಂದು ಗರಿಗರಿಯಾದರೂ
ಬಿಡದೆ ಕಚ್ಚಿಕೊಂಡೇ ಇತ್ತು.
ನಾನು ಬೈಯಲಿಲ್ಲ. ಒರೆಸಿ, ಒಯ್ದು, ನೊರೀನ್ ಕೈಗೆ ಕೊಟ್ಟೆ.

ಮಧ್ಯಾಹ್ನದ ಹೊತ್ತಿಗೆ ಹೊಸದು ಗೋಡೆ ಹತ್ತಿತು:
ಬಿಳಿ ಲೋಹದ ಪೆಟ್ಟಿಗೆ, ಸಾಲಾಗಿ ಸ್ವಿಚ್ಚು,
ಶಾಲೆಯ ಮೊದಲ ದಿನದ ಮಕ್ಕಳ ಹಾಗೆ.
ಇವಕ್ಕೆ ಲೆಕ್ಕ ಬರುತ್ತದೆ.
ಒಂದು ತಂತಿಯಲ್ಲಿ ಹೋದದ್ದೆಷ್ಟು,
ಇನ್ನೊಂದರಲ್ಲಿ ಮರಳಿದ್ದೆಷ್ಟು;
ಸಾಸಿವೆಯಷ್ಟು ಕಡಿಮೆ ಬಿದ್ದರೂ
ಯಾರ ಮೈಮೇಲೋ ಹರಿಯುತ್ತಿದೆಯೆಂದು
ರೆಪ್ಪೆ ಬಡಿಯುವುದರೊಳಗೆ ಅಂಗಡಿ ಮುಚ್ಚಿಬಿಡುತ್ತವೆ.

ಒಲೆ, ಸರಿ. ಫ್ರಿಜ್ಜು, ಸರಿ.
ಮೆಟ್ಟಿಲ ದೀಪ ಹಾಕಿದೆ.
ಠಕ್, ಠಕ್. ಮೇಲಿನದೂ ಬಿತ್ತು, ಕೆಳಗಿನದೂ ಬಿತ್ತು.
ಎತ್ತಿ ಮತ್ತೆ ಹಾಕಿದೆ.
ಠಕ್, ಠಕ್.

ಕ್ಲಿಫರ್ಡ್ ತಮ್ಮ ಶೂಗಳನ್ನು ನೋಡತೊಡಗಿದರು.
"ಕೆಳಗಿನ ದೀಪದಿಂದ ಕರೆಂಟು ತಗೊಂಡೆ.
ವಾಪಸು ಬರುವ ತಂತಿ ಉದ್ದ ಸಾಲಲಿಲ್ಲ.
ಮೇಲಿನದಕ್ಕೇ ಸುತ್ತಿಬಿಟ್ಟೆ."

ನಮ್ಮ ಕಸುಬಿನಲ್ಲಿ ಇದನ್ನು ಕೈಗಡವೆಂದೇ ಕರೆಯುವುದು:
ಒಬ್ಬರ ಹತ್ತಿರ ತಂದದ್ದನ್ನು
ಪಕ್ಕದ ಮನೆಯವರಿಗೆ ತೀರಿಸುವುದು.
ಹಳೇ ಡಬ್ಬಿ ಎಂದೂ ಕೇಳಲಿಲ್ಲ.
ಹೊಸದು ಮೊದಲ ದಿನವೇ ಕೇಳಿತು.

"ಇವಳಿಗೆ ಆಗ ಮೀನು ಕಾರ್ಖಾನೆಯಲ್ಲಿ ರಾತ್ರಿಪಾಳಿ.
ಬೆಳಗಿನ ಜಾವ ಮೂರಕ್ಕೆ ಬರೋಳು.
ಕೆಳಗೆ ಹಾಕಿಕೊಂಡು ಹತ್ತಿ ಮೇಲೆ ಆರಿಸಲಿ ಅಂತ..."

ಪದಬಂಧದಿಂದ ತಲೆಯೆತ್ತದೆ ನೊರೀನ್ ಅಂದರು:
"ಆ ದೀಪವಾ? ಎಲ್ಲಿ ನಿನಗೆ ಎಚ್ಚರವಾಗುತ್ತೋ ಅಂತ
ಒಂದು ದಿನವೂ ಹಾಕಲಿಲ್ಲ.
ಗೋಡೆ ಸವರಿಕೊಂಡೇ ಹತ್ತುತ್ತಿದ್ದೆ."

ಇಂಥ ಹೊತ್ತಿಗೆ ಮೀಟರು ದೊಡ್ಡ ಉಪಕಾರಿ.
ಅದರ ಅಂಕಿಗಳನ್ನು ತುಂಬಾ ಹೊತ್ತು ಓದಿದೆ.

ಹೊಸ ತಂತಿ ಎಳೆಯಲು ಒಂದೂವರೆ ಗಂಟೆ,
ನನ್ನ ತಲೆತುಂಬ ಸುಣ್ಣದ ಪುಡಿ.
ಏಣಿ ಹಿಡಿದು ನಿಂತ ಕ್ಲಿಫರ್ಡ್
ಒಂದೇ ಒಂದು ಸಲಹೆ ಕೊಡಲಿಲ್ಲ.
ಹಳೆಯ ಮುಚ್ಚಳವನ್ನು ಶೆಡ್ಡಿಗೆ ಸಾಗಿಸಿದ್ದು ಕಂಡೆ,
ಕಾಣದಂತಿದ್ದೆ.

ನಾಲ್ಕು ಗಂಟೆಯ ಬೂದು ಬೆಳಕಿನಲ್ಲಿ
ದೀಪ ಹತ್ತಿತು, ಯಾವುದೂ ಬೀಳಲಿಲ್ಲ.
ಮೂವರೂ ಕತ್ತೆತ್ತಿ ಒಂದು ಬಲ್ಬನ್ನು ನೋಡುತ್ತ ನಿಂತೆವು.

"ಹಗಲು ಹೊತ್ತಲ್ಲಿ ಯಾಕೆ, ಕರೆಂಟೇನು ಪುಕ್ಕಟೆಯಾ?"
ಎಂದರು ನೊರೀನ್.
ನಾವಿಬ್ಬರೂ ಕದಲಲಿಲ್ಲ.
ಕೈಯಲ್ಲಿನ್ನೂ ಆ ಪಿನ್ನು ಹಿಡಿದೇ
ಒಂದೊಂದಾಗಿ ಮೆಟ್ಟಿಲು ಹತ್ತಿಹೋಗಿ
ಮೇಲಿನ ಸ್ವಿಚ್ಚಿನಲ್ಲಿ ಆರಿಸಿದರು.